ಟೊಮೆಟೊ ಬರುವ ಮುಂಚಿನ ಹುಳಿ: ನಮ್ಮ ಸೀಮೆಯ ತಣ್ಣನೆ ಹಸಿಗೊಜ್ಜಿನ ಕತೆ

ಮಾರ್ಚ್ ಕೊನೆಯ ವಾರ, ಮುಳಬಾಗಿಲು ತಾಲ್ಲೂಕಿನ ಒಂದು ಟೊಮೆಟೊ ತೋಟ. ಬೆಳಗ್ಗೆ ಆರಕ್ಕೇ ಹಣ್ಣು ಬಿಡಿಸಲು ಬಂದಿದ್ದ ಹೆಂಗಸರು ಹನ್ನೊಂದರ ಹೊತ್ತಿಗೆ ಹೊಂಗೆ ಮರದ ಕೆಳಗೆ ಬಂದು ಕೂತರು. ನಾನು ಕೂಲಿ ದರದ ಬಗ್ಗೆ ವರದಿ ಮಾಡಲು ಹೋಗಿದ್ದೆ. ಒಬ್ಬಾಕೆ ಕ್ಯಾರಿಯರ್ ಬಿಚ್ಚಿದರು. ಮೇಲಿನ ಡಬ್ಬಿಯಲ್ಲಿ ಮುದ್ದೆ. ಕೆಳಗಿನದರಲ್ಲಿ ಕಂದು ಬಣ್ಣದ ತೆಳು ನೀರು, ಅದರಲ್ಲಿ ಸುಟ್ಟ ಬದನೆಕಾಯಿಯ ಎಳೆಗಳು, ಹಸಿ ಈರುಳ್ಳಿ ಚೂರು, ಕೊತ್ತಂಬರಿ ಸೊಪ್ಪು.

"ಏನಕ್ಕಾ ಇದು?"

"ಏನಿಲ್ಲಮ್ಮಾ, ಪಚ್ಚಿ ಪುಲುಸು. ಬಿಸಿಲಿಗೆ ಬಿಸಿ ಸಾರು ಸೇರಲ್ಲ."

ನನಗೂ ಒಂದು ಲೋಟ ಬಗ್ಗಿಸಿ ಕೊಟ್ಟರು. ಹುಳಿ, ಉಪ್ಪು, ಸುಟ್ಟ ಮೆಣಸಿನಕಾಯಿಯ ಹೊಗೆ ವಾಸನೆ, ಕೊನೆಗೆ ಬೆಲ್ಲದ ಸಣ್ಣ ಸಿಹಿ. ಗಂಟಲಿಂದ ಹೊಟ್ಟೆವರೆಗೂ ತಣ್ಣಗಾಯಿತು. ಆಮೇಲೆ ಒಂದು ವಿಷಯ ಹೊಳೆಯಿತು. ಸುತ್ತ ನಾಲ್ಕು ಎಕರೆ ಟೊಮೆಟೊ ಇದೆ, ಬಾಕ್ಸುಗಟ್ಟಲೆ ಹಣ್ಣು ಪಕ್ಕದಲ್ಲೇ ಇದೆ, ಆದರೆ ಈ ಡಬ್ಬಿಯಲ್ಲಿ ಟೊಮೆಟೊ ಒಂದು ಚೂರೂ ಇಲ್ಲ.

"ಟೊಮೆಟೊ ಹಾಕಲ್ವಾ ಅಕ್ಕ?"

"ಅದು ಮಾರೋಕಮ್ಮಾ. ಇದಕ್ಕೆ ಹುಣಸೆಹಣ್ಣೇ ಸರಿ."

ಈ ಮಾತು ತಲೆಯಲ್ಲಿ ಉಳಿದುಬಿಟ್ಟಿತು. ಆ ಒಂದು ಡಬ್ಬಿ ಹಿಡಿದು ಹಿಂದಕ್ಕೆ ಹೋದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನೀರಿನ ಕತೆಯೇ ಬಿಚ್ಚಿಕೊಳ್ಳುತ್ತದೆ.

ಹೆಸರಲ್ಲೇ ಇರುವ ತಂಪು

ಮೊದಲು ಹೆಸರು. ಕನ್ನಡ ಮಾತಾಡುವ ಮನೆಗಳಲ್ಲಿ ಇದು ಹಸಿಗೊಜ್ಜು, ಕೆಲವರಿಗೆ ಹಸಿ ಹುಳಿ. ತೆಲುಗು ಮಾತಾಡುವ ಮನೆಗಳಲ್ಲಿ ಪಚ್ಚಿ ಪುಲುಸು. ಪಚ್ಚಿ ಅಂದರೆ ಹಸಿ, ಪುಲುಸು ಅಂದರೆ ಹುಳಿ. ಎರಡೂ ಒಂದೇ ಮಾತು. ಒಂದೇ ಬೀದಿಯಲ್ಲಿ ಎರಡು ಭಾಷೆ ಓಡಾಡುವ ನಮ್ಮ ಸೀಮೆಯಲ್ಲಿ ಇದೇನು ಆಶ್ಚರ್ಯವಲ್ಲ. ಒಲೆ ಮೇಲೆ ಕುದಿಸುವುದಿಲ್ಲ ಅನ್ನುವುದೇ ಇದರ ಗುರುತು. ತರಕಾರಿಯನ್ನು ಕೆಂಡದಲ್ಲಿ ಸುಡುವುದುಂಟು, ಆದರೆ ಸಾರು ಬೆಂಕಿ ಕಾಣುವುದಿಲ್ಲ.

ಮಲೆನಾಡು, ಕರಾವಳಿಯವರು ಇದನ್ನು ನೋಡಿದರೆ "ನಮ್ಮ ತಂಬುಳಿ ಥರ" ಅನ್ನುತ್ತಾರೆ. ಆಪಾದನೆ ಏನಲ್ಲ, ನೆಂಟಸ್ತಿಕೆ ಇದೆ. ತಂಬುಳಿ ಅನ್ನುವ ಪದವೇ ತಣ್ ಮತ್ತು ಪುಳಿ ಸೇರಿ ಆದದ್ದು, ತಣ್ಣನೆಯ ಹುಳಿ. ಅವರಿಗೆ ತೆಂಗಿನಕಾಯಿ, ಮಜ್ಜಿಗೆ, ಒಂದೆಲಗದ ಎಲೆ ಕೈಗೆ ಸಿಗುತ್ತಿತ್ತು. ನಮಗೆ ಸಿಗುತ್ತಿದ್ದದ್ದು ಕೆರೆ ಏರಿಯ ಹುಣಸೆ, ಹಿತ್ತಲ ಬದನೆ. ಅಷ್ಟೇ ವ್ಯತ್ಯಾಸ.

ಅದೇ 'ತಣ್' ಇನ್ನೊಂದು ಪದದಲ್ಲೂ ಇದೆ: ತಂಗಳು. ಹಳಗನ್ನಡದಲ್ಲಿ ಅದು ತಣ್ ಮತ್ತು ಕೂಳು, ತಣ್ಣನೆಯ ಊಟ ಅಷ್ಟೇ. ಬೈಗುಳವಲ್ಲ. ಆದರೆ ಇವತ್ತು ತಂಬುಳಿ ಅಂದರೆ ಬೆಂಗಳೂರಿನ ಹೋಟೆಲಲ್ಲಿ ಬೋರ್ಡು ಹಾಕುತ್ತಾರೆ, ತಂಗಳು ಅಂದರೆ ಮುಖ ಸಿಂಡರಿಸುತ್ತಾರೆ. ಒಂದೇ ಬೇರಿನ ಎರಡು ಪದಗಳಲ್ಲಿ ಒಂದಕ್ಕೆ ಮರ್ಯಾದೆ, ಇನ್ನೊಂದಕ್ಕೆ ಅವಮಾನ. ಪದಕ್ಕೆ ಅವಮಾನ ಅಂಟಿದ್ದು ಅದನ್ನು ಉಣ್ಣುತ್ತಿದ್ದವರಿಂದ ಅನ್ನುವುದು ನನ್ನ ಅನುಮಾನ.

ಸ್ಪೇನ್ ದೇಶದ ಕೂಲಿಯವರ ಸೂಪು

ಆ ವಾರವೇ ನನ್ನ ಫೋನಿನಲ್ಲಿ ಒಂದು ರೀಲ್ ಬಂತು. ಕೆಂಪು ಬಣ್ಣದ ತಣ್ಣನೆ ಸೂಪು, ಗಾಜಿನ ಲೋಟ, ಮೇಲೆ ಸೌತೆಕಾಯಿ ಚೂರು. ಹೆಸರು ಗಾಸ್ಪಾಚೊ. ದಕ್ಷಿಣ ಸ್ಪೇನಿನ ಆಂಡಲೂಸಿಯಾ ಪ್ರಾಂತ್ಯದ್ದು. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುತ್ತದೆ, ಅಂದರೆ ನಮಗಿಂತ ಹೆಚ್ಚು ಸುಡುವ ಊರು.

ಓದುತ್ತಾ ಹೋದರೆ ನಗು ಬಂತು. ಗಾಸ್ಪಾಚೊ ಮೂಲದಲ್ಲಿ ಹೊಲದ ಕೂಲಿಯವರ ಊಟ. ಒಣಗಿದ ಬ್ರೆಡ್ಡು, ನೀರು, ಬೆಳ್ಳುಳ್ಳಿ, ಉಪ್ಪು, ಆಲಿವ್ ಎಣ್ಣೆ, ಹುಳಿಗೆ ವಿನೆಗರ್. ಎಲ್ಲ ಒರಳಲ್ಲಿ ಕುಟ್ಟಿ ನೀರು ಬೆರೆಸಿ ಹೊಲದಲ್ಲೇ ಕುಡಿಯುತ್ತಿದ್ದರು. ಅವರ ತಂಗಳು ಬ್ರೆಡ್ಡು, ನಮ್ಮ ತಂಗಳು ಮುದ್ದೆ. ನಾವು ರಾತ್ರಿ ಉಳಿದ ಮುದ್ದೆಯನ್ನು ನೀರಲ್ಲಿ ನೆನೆಸಿ, ಬೆಳಗ್ಗೆ ಕಿವುಚಿ, ಮಜ್ಜಿಗೆ, ಈರುಳ್ಳಿ ಹಾಕಿ ಅಂಬಲಿ ಮಾಡುತ್ತಿದ್ದದ್ದಕ್ಕೂ ಅದಕ್ಕೂ ಲೆಕ್ಕ ಒಂದೇ. ಉಳಿದದ್ದು ಹಾಳಾಗಬಾರದು, ಬೆವರಲ್ಲಿ ಹೋದ ಉಪ್ಪು ವಾಪಸು ಬರಬೇಕು, ಬಿಸಿಲಲ್ಲಿ ಒಲೆ ಹಚ್ಚಬಾರದು.

ಗಾಸ್ಪಾಚೊ ಇವತ್ತು ಕೆಂಪಗಿರುವುದು ಟೊಮೆಟೊದಿಂದ. ಆದರೆ ಟೊಮೆಟೊ ಅದಕ್ಕೆ ಸೇರಿದ್ದು ಬಹಳ ತಡವಾಗಿ. ಟೊಮೆಟೊ ಸ್ಪೇನಿನ ಗಿಡವೇ ಅಲ್ಲ. ಅದರ ಕಾಡು ಬಳಗ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳದ್ದು, ಬೇಸಾಯಕ್ಕೆ ಒಗ್ಗಿಸಿದವರು ಮೆಕ್ಸಿಕೊದ ಮೂಲ ನಿವಾಸಿಗಳು. 16ನೇ ಶತಮಾನದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ತಂದರು. ಆಮೇಲೂ ತುಂಬ ಕಾಲ ಬಡವರ ಗಾಸ್ಪಾಚೊ ಬಿಳಿಯಾಗೇ ಇತ್ತು. ಬಾದಾಮಿ, ಬೆಳ್ಳುಳ್ಳಿ ಹಾಕಿದ ಬಿಳಿ ಸೂಪು ಈಗಲೂ ಅಲ್ಲಿ ಮಾಡುತ್ತಾರೆ. ಅಲ್ಲೂ ಕೊನೆಗೆ ಬಂದ ಅತಿಥಿ ಟೊಮೆಟೊ, ಇಲ್ಲೂ ಅದೇ. ಅಲ್ಲಿ ಅದು ಸೂಪಿನೊಳಗೆ ಬಂತು. ಇಲ್ಲಿ ಹೊಲಕ್ಕೆ ಬಂತು, ಡಬ್ಬಿಗೆ ಪೂರ್ತಿ ಬರಲಿಲ್ಲ.

ಮೆಣಸಿನಕಾಯಿ ಇಲ್ಲದ ಕಾಲ

ನಮ್ಮ ಹಸಿಗೊಜ್ಜಿನಲ್ಲಿರುವ ಒಂದೊಂದು ವಸ್ತುವಿಗೂ ಒಂದೊಂದು ವಯಸ್ಸು.

ಬದನೆ ಈ ನೆಲದ್ದೇ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ಬರೆದ ಸೂಪಶಾಸ್ತ್ರ ಅನ್ನುವ ಅಡುಗೆ ಕಾವ್ಯದಲ್ಲಿ ಬದನೆಕಾಯಿ ಅಡುಗೆಗಳಿಗೆ ದೊಡ್ಡ ಜಾಗ ಇದೆ, ಪಾನಕಗಳಿಗೂ ಇದೆ. ಅದು ಅನುಕೂಲಸ್ಥರ ಮನೆಯ ಅಡುಗೆ ಅನ್ನಿ. ಆದರೆ ಆ ಕಾಲದಲ್ಲಿ ಅರಮನೆಗೂ ಗುಡಿಸಲಿಗೂ ಸಮಾನವಾಗಿ ಇಲ್ಲದಿದ್ದ ಒಂದು ವಸ್ತು ಇತ್ತು: ಮೆಣಸಿನಕಾಯಿ. ಅದೂ ಅಮೆರಿಕದ್ದೇ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ, ಪೋರ್ಚುಗೀಸರ ಹಡಗುಗಳ ಹಿಂದೆ ಹಿಂದೆ ನಮ್ಮ ಕರಾವಳಿಗೆ ಬಂದು, ಅಲ್ಲಿಂದ ನಿಧಾನವಾಗಿ ಒಳನಾಡಿಗೆ ಹರಡಿತು. ಅದಕ್ಕೂ ಮುಂಚೆ ಖಾರ ಅಂದರೆ ಕರಿಮೆಣಸು, ಶುಂಠಿ. ಹೊಸ ಕಾಯಿ ಬಂದಾಗ ನಮ್ಮವರು ಹೊಸ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ. ಮೆಣಸಿನ ಥರ ಖಾರ ಇರುವ ಕಾಯಿ, ಮೆಣಸಿನಕಾಯಿ. ಮುಗೀತು.

ಹುಣಸೆಯದು ಇನ್ನೂ ತಮಾಷೆ. ಅರಬ್ ವ್ಯಾಪಾರಿಗಳು ಅದನ್ನು ತಮರ್ ಹಿಂದಿ ಅಂದರು, ಅಂದರೆ ಹಿಂದೂಸ್ತಾನದ ಖರ್ಜೂರ. ಇಂಗ್ಲಿಷಿನ ಟ್ಯಾಮರಿಂಡ್ ಬಂದದ್ದು ಅದರಿಂದ. ಲೋಕವೆಲ್ಲ ಅದನ್ನು ನಮ್ಮದು ಅನ್ನುತ್ತದೆ, ಆದರೆ ಮರದ ತವರು ಆಫ್ರಿಕಾ. ರಾಗಿಯ ತವರೂ ಆಫ್ರಿಕಾ, ಇಥಿಯೋಪಿಯಾ, ಉಗಾಂಡದ ಎತ್ತರದ ನಾಡು. ಎರಡೂ ಸಾವಿರಾರು ವರ್ಷದ ಹಿಂದೆ ಬಂದು ಇಲ್ಲಿನವೇ ಆಗಿಬಿಟ್ಟವು. ಮುದ್ದೆ ಮತ್ತು ಹುಣಸೆ ಹುಳಿ ಜೊತೆಯಾಗಿ ತಟ್ಟೆಗೆ ಬಂದಾಗ, ಒಂದೇ ಖಂಡದ ಇಬ್ಬರು ನೆಂಟರು ಕೋಲಾರದಲ್ಲಿ ಭೇಟಿಯಾದ ಹಾಗೆ.

ಯಾರ ಊಟ ಇದು

ತಣ್ಣನೆ ಊಟದ ಚರಿತ್ರೆ ಬರೆಯುವಾಗ ಅದನ್ನು ಯಾರು ಉಂಡರು ಅನ್ನುವುದನ್ನು ಬಿಟ್ಟರೆ ಕತೆ ಸುಳ್ಳಾಗುತ್ತದೆ.

ಶರಣರ ಕತೆಗಳಲ್ಲಿ ಮಾದಾರ ಚೆನ್ನಯ್ಯ ಬರುತ್ತಾನೆ. ಚೋಳರಾಜನ ಮನೆಯ ನೈವೇದ್ಯ ಬಿಟ್ಟು ಶಿವ ಚೆನ್ನಯ್ಯನ ಮನೆಯ ಅಂಬಲಿ ಉಂಡ ಅನ್ನುತ್ತದೆ ಕತೆ. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಯಾರು ದೊಡ್ಡವರು ಅಂತ ಜಗಳ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಗೆ ಬಂದಾಗ ಭತ್ತ ಸೊರಗಿರುತ್ತದೆ, ರಾಗಿ ಗಟ್ಟಿಯಾಗೇ ಇರುತ್ತದೆ. ಈ ಕತೆಗಳು ಹುಟ್ಟಬೇಕಾದರೆ ಅಂಬಲಿ, ರಾಗಿ ಕೀಳು ಅನ್ನುವ ಮಾತು ಊರಲ್ಲಿ ಜೋರಾಗೇ ಇದ್ದಿರಬೇಕು. ಇಲ್ಲದಿದ್ದರೆ ದೇವರನ್ನು ಸಾಕ್ಷಿಗೆ ಕರೆಯುವ ಅಗತ್ಯ ಏನಿತ್ತು?

ಜೀತದ ಕಾಲದಲ್ಲಿ ಅಂಬಲಿ, ಗೊಜ್ಜು ಊಟವೂ ಹೌದು, ಕೂಲಿಯೂ ಹೌದು. ಮೇಲಿಂದ ಬೊಗಸೆಗೆ ಸುರಿಸಿಕೊಂಡು ಕುಡಿದವರ ಮೊಮ್ಮಕ್ಕಳು ಇವತ್ತು ಈ ಬರಹ ಫೋನಿನಲ್ಲಿ ಓದುತ್ತಿದ್ದೀರಿ. ಜೀತ ಕಾನೂನಿನ ಪ್ರಕಾರ ರದ್ದಾದದ್ದು 1976ರಲ್ಲಿ, ಅಷ್ಟೇನೂ ಹಳೆಯದಲ್ಲ. ಹಾಗಾಗಿ "ಅಯ್ಯೋ, ನಮ್ಮ ಹಿರಿಯರ ಊಟ ಎಷ್ಟು ಚೆಂದ ಇತ್ತು" ಅಂತ ಪಟ್ಟಣದವರು ಬರೆಯುವಾಗ ನನಗೆ ಸ್ವಲ್ಪ ಇರುಸುಮುರುಸು. ಊಟ ಚೆಂದ ಇತ್ತು. ಕೊಡುತ್ತಿದ್ದ ರೀತಿ ಚೆಂದ ಇರಲಿಲ್ಲ. ನಮ್ಮ ಅಜ್ಜಿ ಪಚ್ಚಿ ಪುಲುಸು ಎಷ್ಟು ರುಚಿಯಾಗಿ ಮಾಡುತ್ತಿದ್ದಳೋ, ನೆಂಟರು ಬಂದ ದಿನ ಅದನ್ನು ಅಷ್ಟೇ ಬೇಗ ಮುಚ್ಚಿಡುತ್ತಿದ್ದಳು.

ಕೆರೆ ಏರಿಯ ಹುಣಸೆ

ಕೋಲಾರ ಸೀಮೆಗೆ ವರ್ಷವಿಡೀ ಹರಿಯುವ ನದಿ ಇಲ್ಲ. ಪಾಲಾರ್ ಹೆಸರಿಗೆ ನಮ್ಮ ಜಿಲ್ಲೆ ದಾಟಿ ಹೋಗುತ್ತದೆ, ಮಳೆ ಬಂದರೆ ಮಾತ್ರ ನೀರು. ಅದಕ್ಕೇ ನಮ್ಮ ಹಿಂದಿನವರು ಕೆರೆ ಕಟ್ಟಿದರು, ಒಂದರ ಕೋಡಿ ಇನ್ನೊಂದಕ್ಕೆ ಹರಿಯುವ ಹಾಗೆ ಸಾಲು ಸಾಲಾಗಿ. ಕೆರೆ ಕೆಳಗೆ ಭತ್ತ, ಬಾವಿ ಇದ್ದಲ್ಲಿ ಕಪಿಲೆ ಹೊಡೆದು ತರಕಾರಿ, ಉಳಿದ ಹೊಲದಲ್ಲಿ ಮಳೆ ನಂಬಿದ ರಾಗಿ, ಅದರ ಸಾಲಲ್ಲಿ ಅವರೆ, ತೊಗರಿ.

ಹುಣಸೆ ಇದ್ದದ್ದು ಊರ ಗುಂಡುತೋಪಿನಲ್ಲಿ, ರಸ್ತೆ ಬದಿಯಲ್ಲಿ. ಯಾರೂ ನೀರು ಹಾಕುವುದಿಲ್ಲ, ಬರ ಬಂದರೂ ನಿಲ್ಲುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಹಣ್ಣು ಬಡಿಯುತ್ತಾರೆ. ಸರಿಯಾಗಿ ಬಿಸಿಲು ಏರುವ ಹೊತ್ತಿಗೆ ಹೊಸ ಹುಣಸೆ ಮನೆಗೆ ಬರುತ್ತದೆ. ಹಿತ್ತಲಲ್ಲಿ ಒಂದೆರಡು ಬದನೆ ಗಿಡ, ಮೆಣಸಿನ ಗಿಡ ಪಾತ್ರೆ ತೊಳೆದ ನೀರು ಕುಡಿದು ಬದುಕಿರುತ್ತವೆ. ಅಂದರೆ ಈ ಗೊಜ್ಜಿಗೆ ಬೇಕಾದ ಎಲ್ಲವೂ ನೀರಾವರಿ ಇಲ್ಲದೆ ಸಿಗುವಂಥದ್ದು. ಬೇಸಿಗೆಯಲ್ಲಿ ಬೇರೆ ತರಕಾರಿ ಇಲ್ಲದ ಊರಿನವರು ಕಂಡುಕೊಂಡ ದಾರಿ ಇದು.

ಶ್ರೀನಿವಾಸಪುರದ ಕಡೆ ಇದಕ್ಕೆ ಇನ್ನೊಂದು ದಾರಿಯೂ ಉಂಟು. ಪಾಪನಪಲ್ಲಿ ಅಂತ ಇದ್ದ ಊರಿಗೆ ದಿವಾನ್ ಪೂರ್ಣಯ್ಯ ತನ್ನ ಮಗನ ಹೆಸರಿಟ್ಟು ಶ್ರೀನಿವಾಸಪುರ ಮಾಡಿದ ಅನ್ನುವುದು ಹಳೆಯ ಗೆಜೆಟಿಯರ್ ಮಾತು. ಇವತ್ತು ಆ ಹೆಸರು ಕೇಳಿದರೆ ನೆನಪಾಗುವುದು ಮಾವು. ಏಪ್ರಿಲಿನ ಗಾಳಿಗೆ ಉದುರಿದ ಕಾಯಿಗೆ ಮಂಡಿಯಲ್ಲಿ ಬೆಲೆ ಇಲ್ಲ. ಅದನ್ನು ಕೆಂಡದಲ್ಲಿ ಸುಟ್ಟು, ತಿರುಳು ಕಿವುಚಿ, ಹುಣಸೆ ಬದಲು ಅದನ್ನೇ ಹುಳಿ ಮಾಡಿಕೊಂಡರೆ ಗೊಜ್ಜು ಹಳದಿ ಮಿಶ್ರಿತ ಹಸಿರಾಗಿ ಬರುತ್ತದೆ. ನನ್ನ ಕೇಳಿದರೆ ಹುಣಸೆಯದಕ್ಕಿಂತ ಇದೇ ರುಚಿ. ಮುಳಬಾಗಿಲಿನವಳಾಗಿ ಇದನ್ನು ಹೇಳಿದ್ದಕ್ಕೆ ಮನೆಯಲ್ಲಿ ಬೈಗುಳ ಗ್ಯಾರಂಟಿ.

ಈ ಏರ್ಪಾಡು ಕುಸಿದು ಬಿದ್ದದ್ದೂ ಉಂಟು. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನ ಸುಮಾರು 10 ಲಕ್ಷ ಜನರನ್ನು ಕಳೆದುಕೊಂಡಿತು, ಅಂದರೆ ಐವರಲ್ಲಿ ಒಬ್ಬರು. ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಕೆರೆ ಬತ್ತಿತು, ರಾಗಿ ಬೆಳೆಯಲಿಲ್ಲ. ಮರದಲ್ಲಿ ಹುಣಸೆ ಇದ್ದಿರಬಹುದು, ಆದರೆ ಬರೀ ಹುಳಿಯಿಂದ ಹೊಟ್ಟೆ ತುಂಬುವುದಿಲ್ಲ. ಬಡವರ ಊಟದ ಜಾಣತನಕ್ಕೂ ಒಂದು ಮಿತಿ ಇದೆ.

ನೀಲಗಿರಿ, ಬೋರ್‌ವೆಲ್, ಟೊಮೆಟೊ

ದೊಡ್ಡ ಬದಲಾವಣೆ ಬಂದದ್ದು ನಮ್ಮ ಅಪ್ಪ ಅಮ್ಮಂದಿರ ಕಾಲದಲ್ಲಿ.

1970, 80ರ ದಶಕದಲ್ಲಿ ಸಾಮಾಜಿಕ ಅರಣ್ಯ ಅನ್ನುವ ಹೆಸರಲ್ಲಿ ಕೋಲಾರದ ಹೊಲಗಳಿಗೆ ನೀಲಗಿರಿ ಬಂತು. ಕಾಗದ, ರೇಯಾನ್ ಕಾರ್ಖಾನೆಗಳಿಗೆ ಮರ ಬೇಕಿತ್ತು. ನೆಟ್ಟರೆ ಸಾಕು, ಕೂಲಿಯಾಳು ಬೇಡ, ಕಳೆ ಕೀಳಬೇಕಿಲ್ಲ. ರಾಗಿ ಬೆಳೆಯುತ್ತಿದ್ದ ಭೂಮಿ ನೀಲಗಿರಿ ತೋಪಾಗುತ್ತಿರುವುದನ್ನು 1981ರಲ್ಲೇ ವಂದನಾ ಶಿವ, ಎಚ್.ಸಿ. ಶರತ್‌ಚಂದ್ರ, ಜಯಂತ ಬಂದ್ಯೋಪಾಧ್ಯಾಯ ಕೋಲಾರ ಜಿಲ್ಲೆಯ ಮೇಲೆ ಮಾಡಿದ ಅಧ್ಯಯನದಲ್ಲಿ ಎಚ್ಚರಿಸಿದ್ದರು. ಊಟದ ಧಾನ್ಯ ಹೋಗಿ ಕಾರ್ಖಾನೆ ಮರ ಬರುತ್ತಿದೆ, ಕೂಲಿ ಕೆಲಸವೂ ಹೋಗುತ್ತಿದೆ ಅಂತ. ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ನಡುವೆ 36 ವರ್ಷ.

ಅದೇ ಹೊತ್ತಿಗೆ ಬೋರ್‌ವೆಲ್ ಬಂತು. ಕಪಿಲೆ ಬಾವಿಗಳು ಬತ್ತಿದವು. ಬೋರ್‌ವೆಲ್ ಜೊತೆಗೆ ಟೊಮೆಟೊ. 1973ರಲ್ಲಿ ಬೆಂಗಳೂರಿನ ಇಂಡೋ ಅಮೆರಿಕನ್ ಹೈಬ್ರಿಡ್ ಸೀಡ್ಸ್ 'ಕರ್ನಾಟಕ' ಅನ್ನುವ ಹೈಬ್ರಿಡ್ ಟೊಮೆಟೊ ತಂದಿತು. ಅದನ್ನು ಕಟ್ಟಿದವರು ಮನಮೋಹನ ಅತ್ತಾವರ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ 'ಅರ್ಕಾ' ಹೆಸರಿನ ತಳಿಗಳು ಬಂದವು. ಬೆಂಗಳೂರು, ಚೆನ್ನೈ ಎರಡಕ್ಕೂ ರಾತ್ರಿ ಲಾರಿ ಹತ್ತಿಸಿದರೆ ಬೆಳಗ್ಗೆ ಮಾರುಕಟ್ಟೆ. ಎರಡೇ ತಲೆಮಾರಿನಲ್ಲಿ ಕೋಲಾರದ ಎಪಿಎಂಸಿ ದೇಶಕ್ಕೇ ಗೊತ್ತಿರುವ ಟೊಮೆಟೊ ಮಂಡಿ ಆಯಿತು.

ಹಳೆಯ ಅಡುಗೆಮನೆ ಇದನ್ನು ಪೂರ್ತಿ ತಳ್ಳಿಹಾಕಲಿಲ್ಲ. ಬಿಸಿ ಸಾರಿಗೆ ಟೊಮೆಟೊ ಬಂತು, ಗೊಜ್ಜಿಗೂ ಬಂತು. ಹಲವು ಮನೆಗಳಲ್ಲಿ ಈಗ ಹಸಿಗೊಜ್ಜು ಅಂದರೆ ಸುಟ್ಟ ಟೊಮೆಟೊದ್ದೇ. ಹುಣಸೆ ಕಡಿಮೆ ಹಾಕಿದರೆ ಸಾಕು, ಬೆಲ್ಲ ಬೇಕಾಗಿಲ್ಲ. ಆದರೆ ತೋಟದಲ್ಲಿ ಆ ಅಕ್ಕ ಹೇಳಿದ "ಅದು ಮಾರೋಕೆ" ಅನ್ನುವ ಮಾತಿನಲ್ಲಿ ಇನ್ನೊಂದು ಲೆಕ್ಕ ಇದೆ. ಹುಣಸೆಗೆ ಒಂದು ವರ್ಷ ಇಟ್ಟರೂ ಕೆಡದ ಗುಣ. ಟೊಮೆಟೊಗೆ ನಾಲ್ಕು ದಿನ. ಮನೆಯ ಹುಳಿ ಯಾವತ್ತೂ ಮಂಡಿಯ ದರಕ್ಕೆ ಸಿಕ್ಕಿಕೊಳ್ಳಬಾರದು.

ದರ ಅಂದರೆ ಏನು ಅಂತ ನಿಮಗೆ ಹೇಳಬೇಕಿಲ್ಲ. 2021ರ ಲಾಕ್‌ಡೌನಿನಲ್ಲಿ ಕೊಳ್ಳುವವರಿಲ್ಲದೆ ಟೊಮೆಟೊವನ್ನು ರಸ್ತೆ ಬದಿಗೆ ಸುರಿದದ್ದನ್ನು ನಾವೇ ಫೋಟೊ ತೆಗೆದಿದ್ದೇವೆ. 2023ರ ಜುಲೈನಲ್ಲಿ ಅದೇ ಕೋಲಾರ ಮಂಡಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತು, ತೋಟಕ್ಕೆ ರಾತ್ರಿ ಕಾವಲು ಬೇಕಾಯಿತು. ಸುರಿದ ವರ್ಷವೂ, ಕಾವಲು ಕಾದ ವರ್ಷವೂ ಗೊಜ್ಜಿನಲ್ಲಿ ಹುಳಿ ಹುಣಸೆಯದೇ ಆಗಿದ್ದರೆ ಮನೆಯಾಕೆಗೆ ವ್ಯತ್ಯಾಸ ಆಗುತ್ತಿರಲಿಲ್ಲ.

ಹಸಿ ಅಂದಮೇಲೆ ನೀರು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕುದಿಸದ ಸಾರು ಅಂದರೆ ಅದರ ಮುಕ್ಕಾಲು ಪಾಲು ನೀರು, ಹಸಿ ನೀರು. ಕೆರೆ, ಬಾವಿ ನೀರನ್ನು ಸೋಸಿ ಮಡಕೆಯಲ್ಲಿಟ್ಟು ಧೈರ್ಯವಾಗಿ ಕುಡಿಯುತ್ತಿದ್ದ ಕಾಲದ ಅಡುಗೆ ಇದು. ಆ ಧೈರ್ಯ ಈಗ ಎಲ್ಲಿದೆ?

ಬೋರ್‌ವೆಲ್ ಸಾವಿರ ಅಡಿ ದಾಟಿದ ಮೇಲೆ ಫ್ಲೋರೈಡ್ ಬಂತು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ಕುಡಿಯುವ ನೀರಿನ ಮಿತಿ. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಅದು ದಾಟಿದೆ. ಹಲ್ಲಿನ ಮೇಲಿನ ಕಂದು ಕಲೆ, ವಯಸ್ಸಾದವರ ಬಗ್ಗಿದ ಕಾಲು ನೋಡಿದರೆ ಗೊತ್ತಾಗುತ್ತದೆ. ಮುಖ್ಯವಾಗಿ ತಿಳಿದಿರಬೇಕಾದದ್ದು: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ಹಾಗಾಗಿ ಬಿಸಿ ಸಾರು ಮಾಡಿದರೆ ಬಚಾವು ಅನ್ನುವ ಹಾಗೂ ಇಲ್ಲ.

2018ರ ಜೂನಿನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಆಮೇಲೆ ಒಂದೊಂದಾಗಿ ಬೇರೆ ಕೆರೆಗಳಿಗೆ. ಬತ್ತಿದ್ದ ಕೆರೆಯಲ್ಲಿ ನೀರು ನೋಡಿ ಜನ ಕುಣಿದದ್ದು ನಿಜ. ಮುಂದಿನ ತಿಂಗಳೇ ಅದೇ ಕೆರೆಯಲ್ಲಿ ನೊರೆ ಕಂಡು ನೀರು ನಿಲ್ಲಿಸಿದ್ದೂ, ವಿಷಯ ಹೈಕೋರ್ಟಿಗೆ ಹೋದದ್ದೂ ನಿಜ. ಅಂತರ್ಜಲ ಏರಿತು, ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಬಂತು ಅನ್ನುವ ರೈತರಿದ್ದಾರೆ, ಅವರ ಮಾತು ಸುಳ್ಳಲ್ಲ. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಬೇಕು ಅನ್ನುವ ನೀರಾವರಿ ಹೋರಾಟಗಾರರ ಮಾತಿನಲ್ಲೂ ಹುರುಳಿದೆ. ಆ ನೀರು ಅಂತರ್ಜಲ ತುಂಬಲಿಕ್ಕೆ, ನೇರ ಕುಡಿಯಲಿಕ್ಕೆ ಅಲ್ಲ. ಕೆರೆಯಲ್ಲಿ ನೀರಿದೆ, ಆದರೆ ಅದರಲ್ಲಿ ಹುಣಸೆ ನೆನೆಹಾಕುವ ಹಾಗಿಲ್ಲ. ನಮ್ಮ ಕೆರೆಗಳ ಚರಿತ್ರೆಯಲ್ಲಿ ಹೀಗೆ ಆದದ್ದು ಇದೇ ಮೊದಲು.

ಹಾಗಾಗಿ ಇವತ್ತು ಹಸಿಗೊಜ್ಜು ಮಾಡುವವರು ಊರಿನ ಶುದ್ಧ ನೀರಿನ ಘಟಕಕ್ಕೆ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುತ್ತಾರೆ. ಹುಣಸೆ ಉಚಿತ, ಬದನೆ ಹಿತ್ತಲದ್ದು, ನೀರಿಗೆ ದುಡ್ಡು. ಬಡವರ ಸಾರಿನಲ್ಲಿ ಕೊಂಡು ತರುವ ವಸ್ತು ಈಗ ನೀರು. ಘಟಕ ಕೆಟ್ಟು ನಿಂತ ಊರಲ್ಲಿ ಅದೂ ಇಲ್ಲ. ನಿಮ್ಮೂರಿನ ಘಟಕದ ಫಿಲ್ಟರ್ ಕೊನೆಯ ಸಲ ಯಾವಾಗ ಬದಲಾಯಿತು, ನೀರಿನ ಪರೀಕ್ಷೆ ಯಾವಾಗ ಆಯಿತು ಅಂತ ಪಂಚಾಯಿತಿಯಲ್ಲಿ ಕೇಳಿ. ಕೇಳುವ ಹಕ್ಕು ನಿಮಗಿದೆ.

ಮಾಡುವ ಬಗೆ

ನಾಲ್ಕು ಜನಕ್ಕೆ ಹೇಳುತ್ತೇನೆ, ಅಜ್ಜಿಯ ಕೈ ಅಳತೆಯನ್ನು ನಾನು ಲೋಟಕ್ಕೆ ಇಳಿಸಿದ್ದು. ನಿಂಬೆಹಣ್ಣಿನ ಗಾತ್ರದ ಹುಣಸೆಯನ್ನು ಒಂದು ಲೋಟ ಶುದ್ಧ ನೀರಲ್ಲಿ ಅರ್ಧ ಗಂಟೆ ನೆನೆಹಾಕಿ. ಬಿಸಿನೀರು ಬೇಡ, ತಣ್ಣೀರಲ್ಲಿ ಬಿಟ್ಟ ಹುಳಿಗೆ ಒಗರು ಕಡಿಮೆ. ಅಷ್ಟರಲ್ಲಿ ಎರಡು ಗುಂಡು ಬದನೆಕಾಯಿ, ನಾಲ್ಕು ಹಸಿಮೆಣಸಿನಕಾಯಿ ಕೆಂಡದಲ್ಲಿ ಸುಡಿ. ಗ್ಯಾಸ್ ಒಲೆಯಾದರೆ ಬದನೆಗೆ ಸ್ವಲ್ಪ ಎಣ್ಣೆ ಸವರಿ ಉರಿಯ ಮೇಲೇ ಇಟ್ಟು ತಿರುಗಿಸುತ್ತಿರಿ. ಸಿಪ್ಪೆ ಕರಿಯಾಗಿ, ಒಳಗೆ ಮೆತ್ತಗಾಗಬೇಕು. ಸುಡುವ ಮುಂಚೆ ಚಾಕುವಿನಿಂದ ಒಂದು ಗೆರೆ ಹಾಕಿ ನೋಡಿ, ಹುಳ ಇದ್ದರೆ ಗೊತ್ತಾಗುತ್ತದೆ. ಟೊಮೆಟೊ ಬೇಕು ಅನ್ನುವವರು ಎರಡನ್ನು ಹಾಗೇ ಸುಡಿ, ಹುಣಸೆ ಅರ್ಧ ಮಾಡಿ.

ಸಿಪ್ಪೆ ತೆಗೆದು, ಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆ, ಉಪ್ಪು ಸೇರಿಸಿ ಒರಳಲ್ಲಿ ಜಜ್ಜಿ. ಮಿಕ್ಸಿಗೆ ಹಾಕಬೇಡಿ, ಬದನೆ ಅಂಟಂಟಾಗಿ ಪೇಂಟಿನ ಹಾಗೆ ಆಗುತ್ತದೆ. ಮೇಲೆ ಹುಣಸೆ ರಸ ಹಿಂಡಿ, ಇನ್ನೂ ಎರಡು ಲೋಟ ನೀರು, ಗೋಲಿಯಷ್ಟು ಬೆಲ್ಲ. ಒಂದು ದಪ್ಪ ಈರುಳ್ಳಿ ಸಣ್ಣಗೆ ಹೆಚ್ಚಿ ಕೈಯಲ್ಲಿ ಹಿಸುಕಿ ಹಾಕಿ. ಕೊತ್ತಂಬರಿ ಸೊಪ್ಪು ತೊಳೆಯುವಾಗ ಸೋಮಾರಿತನ ಬೇಡ, ಹಸಿ ಹಾಕುವುದು ಅದು. ಹುರಿದ ಕಡಲೆಕಾಯಿ ಬೀಜದ ಪುಡಿ ಎರಡು ಚಮಚ ಹಾಕಿದರೆ ಮಂದವಾಗುತ್ತದೆ, ಮುದ್ದೆಗೆ ಹಿಡಿಯುತ್ತದೆ. ಒಗ್ಗರಣೆ ಇಲ್ಲ.

ಮಡಕೆಗೆ ಸುರಿದು, ಮಡಕೆಯನ್ನು ಒದ್ದೆ ಮರಳಿನ ಮೇಲಿಟ್ಟು ಒಂದು ಗಂಟೆ ಬಿಡಿ. ಮಡಕೆ ಬೆವರಿದಷ್ಟೂ ಒಳಗಿನದು ತಣ್ಣಗಾಗುತ್ತದೆ. ಬೆಳಗ್ಗೆ ಮಾಡಿದ್ದನ್ನು ಮಧ್ಯಾಹ್ನದೊಳಗೆ ಮುಗಿಸಿ. ಇದು ಮಾತ್ರ ತಂಗಳು ಮಾಡುವ ಪದಾರ್ಥವಲ್ಲ, ಈರುಳ್ಳಿ ವಾಸನೆ ಬರುತ್ತದೆ.

ಮುಂದಿನ ವಾರ ನಾನು ಮತ್ತೆ ಆ ತೋಟಕ್ಕೆ ಹೋದಾಗ ಒಂದು ಡಬ್ಬಿ ಮಾಡಿಕೊಂಡು ಹೋಗಿದ್ದೆ, ಟೊಮೆಟೊ ಹಾಕಿದ್ದು. ಆ ಅಕ್ಕ ಒಂದು ಗುಟುಕು ಕುಡಿದು, ಪಕ್ಕದವರಿಗೆ ದಾಟಿಸಿದರು.

"ಚೆನ್ನಾಗಿದೆಯಮ್ಮಾ," ಅಂದರು. "ಆದ್ರೆ ಹುಳಿ ಸಾಲದು."